ಬಿಸಿಲಿಗೆ ನಿಂತ ಅಂಬಾಸಿಡರ್‌ಗೆ ಬಾಟ್ಲಿ ಪೆಟ್ರೋಲ್ ಸುರಿಯೋದು ಬಿಡಿ

ವೈರಮುಡಿ ಬಂತು ಅಂದ್ರೆ ಜಕ್ಕನಹಳ್ಳಿ ಕ್ರಾಸಿಂದ ಮೇಲುಕೋಟೆ ಹತ್ತೋ ರಸ್ತೇಲಿ ಬಾನೆಟ್ ಎತ್ತಿ ನಿಂತ ಗಾಡಿ ಒಂದಾದ್ರೂ ಕಾಣುತ್ತೆ. ಅದು ಹಳೇ ಪೆಟ್ರೋಲ್ ಅಂಬಾಸಿಡರ್ ಆಗಿದ್ರೆ ಸುತ್ತ ನಾಲ್ಕು ಜನ, ನಾಲ್ಕು ಥರ ಸಲಹೆ. ಅದರಲ್ಲಿ ಒಬ್ಬನ ಕೈಲಿ ನೀರಿನ ಬಾಟ್ಲಿ ತುಂಬ ಪೆಟ್ರೋಲ್ ಇರುತ್ತೆ. ಏರ್ ಫಿಲ್ಟರ್ ಬಿಚ್ಚಿ ಕಾರ್ಬೋರೇಟರ್ ಬಾಯಿಗೆ ಒಂದು ಮುಚ್ಚಳ ಸುರೀತಾನೆ, ಒಳಗೆ ಕೂತೋನು ಸೆಲ್ಫ್ ಹೊಡೀತಾನೆ. ಮದುವೆ ದಿಬ್ಬಣದಲ್ಲೂ ಇದೇ, ಹೇಮಗಿರಿ ಜಾತ್ರೇಲೂ ಇದೇ.

ಈ ಅಭ್ಯಾಸ ನಿಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ. ಬಿಸಿ ಎಂಜಿನ್ನು ಒಂದು ಸಲ ಹಿಂದಕ್ಕೆ ಕೆಮ್ಮಿದ್ರೆ ಸಾಕು, ಬೆಂಕಿ ಬರೋದು ಅದೇ ಕಾರ್ಬೋರೇಟರ್ ಬಾಯಿಂದ. ಸುರಿದೋನ ಮುಖ ಅಲ್ಲೇ ಮೇಲೆ ಬಗ್ಗಿರುತ್ತೆ, ಕೈಲಿ ಮುಚ್ಚಳ ಹಾಕದ ಬಾಟ್ಲಿ, ಕೆಳಗೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡು, ಹಿಂದಿನ ಸೀಟಲ್ಲಿ ಹೆಂಗಸರು ಮಕ್ಕಳು. ಇಷ್ಟು ಅಪಾಯ ಮೈಮೇಲೆ ಎಳ್ಕೊಂಡ್ರೂ ಎಷ್ಟೋ ಸಲ ಗಾಡಿ ಸ್ಟಾರ್ಟ್ ಆಗಲ್ಲ. ಯಾಕಂದ್ರೆ ಒಳಗೆ ಪೆಟ್ರೋಲ್ ಕಮ್ಮಿ ಆಗಿಲ್ಲ, ಆಗಲೇ ಜಾಸ್ತಿ ಆಗಿರುತ್ತೆ.

ಡೀಸೆಲ್ ಅಂಬಾಸಿಡರ್ ಇರೋರು, ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿರೋರು ಇದನ್ನ ಓದಿ ನಕ್ಕು ಮುಂದೆ ಹೋಗಬಹುದು. ನಾನು ಹೇಳ್ತಿರೋದು ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಇರೋ ಅಂಬಾಸಿಡರ್ ಬಗ್ಗೆ. ಪ್ರೀಮಿಯರ್ ಪದ್ಮಿನಿ ಇಟ್ಕೊಂಡಿರೋರಿಗೂ ಮುಕ್ಕಾಲು ಪಾಲು ಅನ್ವಯ ಆಗುತ್ತೆ. ಶ್ರೀರಂಗಪಟ್ಟಣದ ಹತ್ರ ಹೆದ್ದಾರಿ ಪಕ್ಕ ಡಾ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಕಾರು ಮ್ಯೂಸಿಯಂ ಆದ ಮೇಲೆ, ಅದನ್ನ ನೋಡ್ಕೊಂಡು ಬಂದು, ಕೊಟ್ಟಿಗೆ ಪಕ್ಕ ಧೂಳು ಹಿಡಿದಿರೋ ತಾತನ ಕಾರು ಈಚೆ ತೆಗೆಯೋಣ ಅಂತ ಇಬ್ಬರು ನನ್ನ ಕೇಳಿದ್ರು. ತೆಗೀರಿ, ಸಂತೋಷ. ಆದ್ರೆ ಮ್ಯೂಸಿಯಂ ಕಾರು ನೆರಳಲ್ಲಿ ನಿಂತಿರುತ್ತೆ. ನಮ್ಮದು ಏಪ್ರಿಲ್ ಬಿಸಿಲಲ್ಲಿ ಐದು ಜನ ಕೂರಿಸ್ಕೊಂಡು ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ಹೋಗಿ, ಛತ್ರದ ಮುಂದೆ ನಿಂತು, ಮತ್ತೆ ಸ್ಟಾರ್ಟ್ ಆಗಿ ವಾಪಸ್ ಬರಬೇಕು.

ಮೊದಲು ಒಂದು ವಿಷಯ ತಲೇಲಿಟ್ಟುಕೊಳ್ಳಿ. ಈ ಎಂಜಿನ್ನಲ್ಲಿ ಪೆಟ್ರೋಲ್ ಒಳಗೆ ಹೋಗೋ ದಾರಿ, ಹೊಗೆ ಆಚೆ ಬರೋ ದಾರಿ ಎರಡೂ ಒಂದೇ ಪಕ್ಕದಲ್ಲಿವೆ. ಕಾರ್ಬೋರೇಟರ್ ಕೂತಿರೋದೇ ಎಕ್ಸಾಸ್ಟಿನ ಕಾವಿನಲ್ಲಿ, ಒಲೆ ಮೇಲೆ ಚೆಂಬು ಇಟ್ಟ ಹಾಗೆ. ಗಾಡಿ ಓಡ್ತಿರೋವಾಗ ಫ್ಯಾನ್ ಗಾಳಿ ಹೊಡೆಯುತ್ತೆ, ಟ್ಯಾಂಕಿಂದ ತಣ್ಣನೆ ಪೆಟ್ರೋಲ್ ಹರೀತಾ ಇರುತ್ತೆ, ನೀರು ಸುತ್ತುತ್ತೆ. ಆಫ್ ಮಾಡಿದ ಕೂಡಲೇ ಈ ಮೂರೂ ನಿಂತವು. ಕಾವು ಮಾತ್ರ ನಿಲ್ಲಲ್ಲ, ಮೇಲಕ್ಕೆ ಏರುತ್ತೆ. ಆಫ್ ಮಾಡಿದ ಮೇಲೆ ಬಾನೆಟ್ ಒಳಗಿನ ಸೆಕೆ ಕಾಲು ಗಂಟೆವರೆಗೂ ಜಾಸ್ತಿ ಆಗ್ತಾನೇ ಹೋಗುತ್ತೆ.

ಪೆಟ್ರೋಲ್ ನೀರಿನ ಹಾಗೆ ಒಂದೇ ಡಿಗ್ರಿಗೆ ಕುದಿಯೋ ಪದಾರ್ಥ ಅಲ್ಲ. ಅದರ ಹಗುರ ಭಾಗ 40 ಡಿಗ್ರಿ ಆಸುಪಾಸಿಗೇ ಆವಿ ಆಗೋಕೆ ಶುರು, ಭಾರದ ಭಾಗಕ್ಕೆ 200ರ ಹತ್ರ ಬೇಕು. ನಮ್ಮ ಕಡೆ ಹೊರಗಿನ ಬಿಸಿಲೇ 36-37 ಇರೋವಾಗ ಬಾನೆಟ್ ಒಳಗೆ ಎಷ್ಟಿರುತ್ತೆ ಅಂತ ನೀವೇ ಲೆಕ್ಕ ಹಾಕಿ. ಕಾರ್ಬೋರೇಟರ್ ಬಟ್ಟಲಲ್ಲಿರೋ ಪೆಟ್ರೋಲ್ ಕುದ್ದು ಜೆಟ್ಟಿನ ಮೂಲಕ ಎಂಜಿನ್ ಒಳಕ್ಕೆ ಉಕ್ಕುತ್ತೆ. ಆಗ ಎಂಜಿನ್ನು ಓವರ್. ಎಲ್ಲಾ ಉಕ್ಕಿ ಹೋದ ಮೇಲೆ ಬಟ್ಟಲು ಖಾಲಿ. ಪಂಪಲ್ಲೂ ಪೈಪಲ್ಲೂ ಆವಿ ತುಂಬಿದ್ರೆ ಹೊಸ ಪೆಟ್ರೋಲ್ ಬರಲ್ಲ. ಫುಟ್‌ವಾಲ್ ಸೋರಿ ಗಾಳಿ ಎಳೆದ ಪಂಪ್‌ಸೆಟ್ಟು ನೋಡಿದ್ದೀರಲ್ಲ, ಮೋಟ್ರು ಭರ್ರನೆ ತಿರುಗುತ್ತೆ, ಒಂದು ಹನಿ ನೀರು ಬರಲ್ಲ. ಹಂಗೇ ಇದೂ. ಪಂಪ್ ಕೆಟ್ಟಿರಲ್ಲ, ಅದು ತಳ್ತಾ ಇರೋದು ಆವಿ ಅಷ್ಟೆ.

ಅಂದ್ರೆ ಒಂದೇ ಬಿಸಿಲು, ಒಂದೇ ಗಾಡಿ, ಆದ್ರೆ ಕಾಯಿಲೆ ಎರಡು, ಒಂದಕ್ಕೊಂದು ಉಲ್ಟಾ. ಒಂದರಲ್ಲಿ ಪೆಟ್ರೋಲ್ ಜಾಸ್ತಿ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಒಂದರ ಮದ್ದು ಇನ್ನೊಂದಕ್ಕೆ ವಿಷ.

ಹೆಂಗೆ ಗೊತ್ತು ಮಾಡೋದು? ಮೂಗು ಸಾಕು. ಬಾನೆಟ್ ಎತ್ತಿದ ಕೂಡಲೇ ಘಾಟು ಹೊಡೆದ್ರೆ, ಒಂದು ಪ್ಲಗ್ ಬಿಚ್ಚಿ ನೋಡಿದಾಗ ತುದಿ ಒದ್ದೆ ಇದ್ರೆ, ಅದು ಓವರ್. ಆಗ ಚೋಕ್ ಮುಟ್ಟಬೇಡಿ. ಎಕ್ಸಿಲೇಟರ್ ಪೂರ್ತಿ ಒತ್ತಿ ಹಂಗೇ ಹಿಡ್ಕೊಂಡು ಸೆಲ್ಫ್ ಹೊಡೀರಿ. ಒತ್ತಿ ಹಿಡೀಬೇಕು, ಪಟಪಟ ಅಂತ ತುಳೀಬಾರದು. ಸೋಲೆಕ್ಸ್ ಕಾರ್ಬೋರೇಟರಿಗೆ ಎಕ್ಸಿಲೇಟರ್ ಪಂಪ್ ಇರುತ್ತೆ, ಪ್ರತಿ ತುಳಿತಕ್ಕೂ ಇನ್ನೊಂದು ಪಿಚಕಾರಿ ಪೆಟ್ರೋಲ್ ಒಳಗೆ. ಹಳೇ ಎಸ್‌ಯು ಕಾರ್ಬೋರೇಟರಿಗೆ ಅದು ಇಲ್ಲ, ತುಳಿದ್ರೆ ಕಾಲು ನೋವು ಬಿಟ್ರೆ ಬೇರೇನೂ ಲಾಭ ಇಲ್ಲ.

ವಾಸನೆನೇ ಇಲ್ಲ, ಪ್ಲಗ್ ಒಣಗಿದೆ ಅಂದ್ರೆ ಪೆಟ್ರೋಲ್ ಬಂದಿಲ್ಲ. ಬಾನೆಟ್ ಎತ್ತಿಡಿ. ಟವೆಲ್ ಒದ್ದೆ ಮಾಡಿ ಪಂಪಿನ ಮೇಲೆ, ಪೆಟ್ರೋಲ್ ಪೈಪಿನ ಮೇಲೆ ಸುತ್ತಿ. ಬಿಸಿ ಎಂಜಿನ್ ಬ್ಲಾಕಿಗೆ, ಮ್ಯಾನಿಫೋಲ್ಡಿಗೆ ಬಿಂದಿಗೆ ನೀರು ಎರಚಬೇಡಿ, ಬಿರುಕು ಬಿಟ್ರೆ ಅಲ್ಲಿಗೆ ಕತೆ ಮುಗೀತು. ಕೆಲವು ಪಂಪಿಗೆ ಕೆಳಗೆ ಕೈಯಲ್ಲಿ ಹೊಡೆಯೋ ಸಣ್ಣ ಲಿವರ್ ಇರುತ್ತೆ, ಇದ್ರೆ ಇಪ್ಪತ್ತು ಸಲ ಹೊಡೀರಿ. ಹತ್ತಿಪ್ಪತ್ತು ನಿಮಿಷದಲ್ಲಿ ಸರಿ ಹೋಗುತ್ತೆ. "ಒಸಿ ತಡೀಲಾ, ತಣ್ಣಗಾಗ್ಲಿ" ಅಂತ ಹಿರಿಯರು ಹೇಳ್ತಿದ್ದರಲ್ಲ, ಬಾಟ್ಲಿಗಿಂತ ಅದೇ ಒಳ್ಳೆ ಮೆಕ್ಯಾನಿಕ್ಕು.

ಇನ್ನೊಂದು ಗುರುತು ಇದೆ. ಆಫ್ ಮಾಡಿ ಎರಡು ನಿಮಿಷಕ್ಕೆ ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ, ಕಾಲು ಗಂಟೆ ಬಿಟ್ಟು ಹೊಡೆದ್ರೆ ಆಗಲ್ಲ, ಒಂದು ಗಂಟೆ ಬಿಟ್ಟು ಹೊಡೆದ್ರೆ ಮತ್ತೆ ಆಗುತ್ತೆ ಅಂದ್ರೆ ಅದು ಹೆಚ್ಚುಕಮ್ಮಿ ಈ ಕಾವಿನ ಕಾಟವೇ. ಓಡ್ತಾ ಓಡ್ತಾನೇ ಗಕ್ಕನೆ ನಿಂತು, ತಣ್ಣಗಾಗೋವರೆಗೆ ಜೀವವೇ ಇಲ್ಲ ಅಂದ್ರೆ ಕಾಯಿಲ್ ಮೇಲೂ ಕಂಡೆನ್ಸರ್ ಮೇಲೂ ಅನುಮಾನ ಪಡಿ. ಕಾಯಿಲ್ ಒಳಗಿನ ಸುತ್ತು ಕಾದಾಗ ಕೈ ಕೊಟ್ಟು, ತಣ್ಣಗಾದಾಗ ಮತ್ತೆ ಕೂಡ್ಕೊಳ್ಳುತ್ತೆ.

ನಮ್ಮ ದುಡ್ಡು ಪೋಲಾಗೋದು ಇಲ್ಲೇ. ಗಾಡಿ ಟ್ರ್ಯಾಕ್ಟರಿಗೆ ಕಟ್ಟಿ ಎಳ್ಕೊಂಡು ಗ್ಯಾರೇಜಿಗೆ ಹೋಗೋಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತೆ. ಅಲ್ಲಿ ಒಂದೇ ಸೆಲ್ಫಿಗೆ ಸ್ಟಾರ್ಟು. ಕಣ್ಣಿಗೆ ಕಾಣದ ತೊಂದರೆಗೆ ಮೆಕ್ಯಾನಿಕ್ ಏನು ಮಾಡ್ತಾನೆ? "ಪಂಪ್ ಹೋಗದೆ ಬುಡಣ್ಣ, ಹೊಸದು ಹಾಕ್ಸು" ಅಂತಾನೆ. ಅದು ಹಾಕಿಸಿದ್ದಾಯ್ತು. ಮುಂದಿನ ವಾರ ಕಾಯಿಲ್, ಆಮೇಲೆ ಕಾರ್ಬೋರೇಟರ್ ಕಿಟ್ಟು, ಆಮೇಲೆ ಬ್ಯಾಟ್ರಿ. ನನಗೆ ಗೊತ್ತಿರೋ ಪಾಂಡವಪುರ ಕಡೆ ಒಬ್ರು ಈ ಥರ ನಾಲ್ಕು ಸಾಮಾನು ಬದಲಾಯಿಸಿ, ಬೇಜಾರಾಗಿ, ಗಾಡಿನ ಗುಜರಿ ರೇಟಿಗೆ ಕೊಟ್ಟುಬಿಟ್ರು. ಕೊಂಡೋನು ಮಾಡಿಸಿದ್ದು ಒಂದು ತಗಡು, ಅದರ ಕತೆ ಮುಂದೆ ಹೇಳ್ತೀನಿ. ಮೆಕ್ಯಾನಿಕ್‌ಗಳನ್ನ ಬೈಯ್ಯೋಕೆ ಈ ಮಾತಲ್ಲ. ಪಾಯಿಂಟ್ ಸೆಟ್ ಗೇಜು ಕೈಲಿ ಹಿಡಿದ ಹಳಬರು ಒಬ್ಬೊಬ್ಬರೇ ಅಂಗಡಿ ಮುಚ್ತಾ ಇದ್ದಾರೆ, ಹೊಸ ಹುಡುಗರು ಕಲಿತಿರೋದು ಸ್ಕ್ಯಾನರ್ ಚುಚ್ಚೋ ಗಾಡಿಗಳನ್ನ. ಅದಕ್ಕೇ ನಿಂತ ಜಾಗದಲ್ಲೇ, ಗಾಡಿ ಬಿಸಿ ಇರೋವಾಗಲೇ ಮಾಲೀಕ ನೋಡಬೇಕು. ಪೆಟ್ರೋಲ್ ಸೋರಿಲ್ಲ, ಘಾಟು ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಅದರ ಮೈಯನ್ನ ಎಂಜಿನ್ ಕಬ್ಬಿಣಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಸಿ. ಪ್ಲಗ್ಗನ್ನ ಕಾರ್ಬೋರೇಟರಿಂದ ದೂರ ಇಡಿ. ನೀಲಿ ಕಿಡಿ ಟಕಟಕ ಬಂದ್ರೆ ಕರೆಂಟ್ ಸರಿ ಇದೆ. ಹಳದಿ ಮಂಕು ಕಿಡಿ ಅಥವಾ ಕಿಡಿಯೇ ಇಲ್ಲ ಅಂದ್ರೆ ಪಂಪಿನ ತಂಟೆಗೆ ಹೋಗಬೇಡಿ. ಸೀಟಿನ ಕೆಳಗೆ ಬೆಂಕಿ ಆರಿಸೋ ಸಣ್ಣ ಸಿಲಿಂಡರ್ ಒಂದು ಇಟ್ಕೊಳ್ಳಿ.

ಸೆಲ್ಫೇ ಎಳೀತಿಲ್ಲ, ಬಿಸಿ ಆದಾಗ ಮಾತ್ರ ಮುಲುಕಾಡುತ್ತೆ ಅಂದ್ರೆ ಅದು ಬೇರೆ ಲೆಕ್ಕ. ಬ್ಯಾಟ್ರಿ ಟರ್ಮಿನಲ್ಲು, ಎಂಜಿನ್ನಿಂದ ಬಾಡಿಗೆ ಬರೋ ಅರ್ತ್ ಪಟ್ಟಿ ಉಜ್ಜಿ ಬಿಗಿ ಮಾಡಿ. ಟೈಮಿಂಗ್ ಜಾಸ್ತಿ ಮುಂದಕ್ಕೆ ಇಟ್ಟಿದ್ರೂ ಬಿಸೀಲಿ ಹಿಂದಕ್ಕೆ ಒದೆಯುತ್ತೆ.

ಈಗ ರೇಡಿಯೇಟರ್ ನೀರಿನ ವಿಷಯ. ಇದು ನಮ್ಮ ನಾಲ್ಕು ತಾಲ್ಲೂಕಿನದೇ ಸ್ವಂತ ಸಮಸ್ಯೆ. ನಾಗಮಂಗಲ, ಕೆ.ಆರ್. ಪೇಟೆ ಒಣಭೂಮಿ ಕಡೆ ಬೋರ್ ನೀರು ಹಾಕ್ತೀವಿ. ಡ್ರಿಪ್ಪಿನ ತೂತು ಕಟ್ಟಿಸೋ ಬಿಳೀ ಸುಣ್ಣ ಇದೆಯಲ್ಲ, ಅದೇ ರೇಡಿಯೇಟರ್ ಟ್ಯೂಬಲ್ಲೂ ಕೂರೋದು. ಡ್ರಿಪ್‌ಗೆ ಆಸಿಡ್ ಬಿಟ್ಟು ತೊಳೀತೀವಿ, ರೇಡಿಯೇಟರ್ ನೆನಪೇ ಇರಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯೋರು ವಿಶ್ವೇಶ್ವರಯ್ಯ ನಾಲೆ ನೀರನ್ನೇ ಕ್ಯಾನಿಗೆ ತುಂಬಿ ಹಾಕ್ತಾರೆ, ಅದರಲ್ಲಿ ಮಣ್ಣು. ಎರಡೂ ಬೇಡ. ಊರಿನ ಶುದ್ಧ ನೀರಿನ ಘಟಕದ ನೀರೋ, ಶೋಧಿಸಿದ ಮಳೆನೀರೋ ತಗೊಂಡು ಕೂಲೆಂಟ್ ಬೆರೆಸಿ ಹಾಕಿ. ಬಿಸಿ ಆಗುತ್ತೆ ಅಂತ ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕೋದು ಇನ್ನೊಂದು ಚಾಳಿ. ಅದಕ್ಕೂ ನನ್ನ ವಿರೋಧ ಇದೆ. ಕಟ್ಟಿಕೊಂಡ ರೇಡಿಯೇಟರ್ ತೊಳೆಸೋ ಬದಲು ಒಳ್ಳೆ ಸಾಮಾನು ಕಿತ್ತಂಗಾಯ್ತು.

ಇನ್ನು ಎಥೆನಾಲ್. ಇದನ್ನ ಬರೆದ್ರೆ ಕಾಮೆಂಟಲ್ಲಿ ಜಗಳ ಶುರು ಆಗುತ್ತೆ ಅಂತ ಗೊತ್ತು, ಆದ್ರೂ ಬರೀತೀನಿ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿಗೆ ನೂರಕ್ಕೆ 10 ಎಥೆನಾಲ್ ಸೇರ್ತಿತ್ತು, 2025ಕ್ಕೆ 20 ಆಯ್ತು. ಅದರಲ್ಲಿ ಒಂದು ಪಾಲು ನಮ್ಮಂಥವರ ಕಬ್ಬಿಂದಲೇ. ಎಥೆನಾಲ್ ಒಂದೇ ಇದ್ರೆ 78 ಡಿಗ್ರಿಗೆ ಕುದಿಯುತ್ತೆ, ಆದ್ರೆ ಪೆಟ್ರೋಲ್ ಜೊತೆ ಬೆರೆತಾಗ ಪೆಟ್ರೋಲಿನ ಕೆಲವು ಭಾಗಗಳನ್ನ ಇನ್ನೂ ಬೇಗ ಆವಿ ಮಾಡಿಸುತ್ತೆ. ಅದರಲ್ಲಿ ಆಮ್ಲಜನಕ ಇರೋದ್ರಿಂದ ಮಿಶ್ರಣ ತೆಳುವಾಗುತ್ತೆ, ಅದನ್ನ ಸರಿದೂಗಿಸೋ ಬುದ್ಧಿ ಹಳೇ ಕಾರ್ಬೋರೇಟರಿಗೆ ಇಲ್ಲ. ಹಳೇ ರಬ್ಬರ್ ಹೋಸು, ಪಂಪಿನ ಡಯಾಫ್ರಾಮು ಉಬ್ಬಿ ಮೆತ್ತಗಾಗುತ್ತೆ. ತಿಂಗಳುಗಟ್ಟಲೆ ನಿಲ್ಲಿಸಿದ್ರೆ ನೀರು ಹೀರ್ಕೊಂಡು ಟ್ಯಾಂಕ್ ತಳದಲ್ಲಿ ಬೇರೆ ಆಗಿ ಕೂರುತ್ತೆ. 2023ರ ಏಪ್ರಿಲ್ ಮೇಲೆ ಬಂದ ಗಾಡಿಗಳ ಸಾಮಾನು ಇದಕ್ಕೆ ಒಗ್ಗೋ ಥರ ಮಾಡಿದ್ದಾರೆ, ನಮ್ಮವು ಆಗಿನ ಕಾಲದವು.

ಹಂಗಂತ ಎಲ್ಲಾದಕ್ಕೂ ಎಥೆನಾಲೇ ಕಾರಣ ಅನ್ನೋರ ಜೊತೆ ನಾನಿಲ್ಲ. ಎಥೆನಾಲ್ ಹೆಸರೇ ಕೇಳದ ಕಾಲದಲ್ಲೂ ಅಂಬಾಸಿಡರ್ ಬಿಸಿಲಿಗೆ ನಿಲ್ತಿತ್ತು. ಏನೂ ಆಗಲ್ಲ ಅನ್ನೋರ ಜೊತೆಗೂ ಇಲ್ಲ. ಕಬ್ಬು ಬೆಳೆಯೋರಾಗಿ ಎಥೆನಾಲ್ ಬೇಡ ಅನ್ನೋಕಾಗಲ್ಲ, ಕಾರ್ಖಾನೆ ಬಟವಾಡೆ ಸರಿಯಾಗಿ ಆಗೋಕೆ ಅದೂ ಒಂದು ದಾರಿ. ಆದ್ರೆ ಹಳೇ ಗಾಡಿಗೆ ಯಾವ ರಬ್ಬರ್ ಬದಲಾಯಿಸಬೇಕು ಅಂತ ಬಂಕಲ್ಲಿ ಒಂದು ಬೋರ್ಡು ಕೂಡ ಹಾಕದೆ ಬದಲಾವಣೆ ತಂದದ್ದು ಸರಿ ಅಲ್ಲ. ಈಗ ನಾವೇ ಮಾಡ್ಕೋಬೇಕು: ಎಥೆನಾಲಿಗೆ ತಡೆಯೋ ಹೋಸು, ಅಂಥದೇ ಡಯಾಫ್ರಾಮು, ಗಾಡಿ ನಿಲ್ಲಿಸಿಡೋದಾದ್ರೆ ಟ್ಯಾಂಕಲ್ಲಿ ಹಳೇ ಪೆಟ್ರೋಲ್ ಬಿಡದೇ ಇರೋದು. ಕಳೆ ಕೊಚ್ಚೋ ಪೆಟ್ರೋಲ್ ಮಿಷನ್ನಿಗೂ, ಪವರ್ ಸ್ಪ್ರೇಯರಿಗೂ ಇದೇ ಮಾತು, ಅವಕ್ಕೂ ಇರೋದು ಪುಟ್ಟ ಕಾರ್ಬೋರೇಟರೇ.

ಕೆಲವರು ಎಲೆಕ್ಟ್ರಿಕ್ ಪಂಪ್ ಹಾಕಿಸ್ತಾರೆ. ಟ್ಯಾಂಕಿನ ಹತ್ರ ಕೂರಿಸಿದ್ರೆ ಆವಿ ತೊಂದರೆ ಕಮ್ಮಿ ಆಗೋದು ನಿಜ. ಆದ್ರೆ ಕಾರ್ಬೋರೇಟರಿಗೆ ಬೇಕಾದ ಒತ್ತಡ 2ರಿಂದ 4 ಪಿಎಸ್‌ಐ ಅಷ್ಟೆ. ಇಂಜೆಕ್ಷನ್ ಗಾಡಿಯ ಪಂಪ್ ತಂದು ಹಾಕಿದ್ರೆ ಸೂಜಿ ತಡೆಯದೆ ಪೆಟ್ರೋಲ್ ಮ್ಯಾನಿಫೋಲ್ಡ್ ಮೇಲೆ ಸುರಿಯುತ್ತೆ. ಎಂಜಿನ್ ನಿಂತಾಗ ಪಂಪೂ ನಿಲ್ಲೋ ಥರ ಸ್ವಿಚ್ ಇಲ್ಲದೆ ಹಾಕಿಸ್ಲೇಬೇಡಿ. ನನ್ನ ಕೇಳಿದ್ರೆ ಅದು ಕೊನೇ ದಾರಿ.

ಮೊದಲ ದಾರಿ ಆ ತಗಡು. ಕಾರ್ಬೋರೇಟರಿಗೂ ಎಕ್ಸಾಸ್ಟಿಗೂ ನಡುವೆ ಕಾವು ತಡೆಯೋಕೆ ಒಂದು ತಗಡು, ಕಾರ್ಬೋರೇಟರ್ ಕೂರೋ ಕಡೆ ದಪ್ಪ ಬೇಕಲೈಟ್ ಪ್ಯಾಕಿಂಗ್. ಯಾವಾಗಲೋ ಎಂಜಿನ್ ಬಿಚ್ಚಿದೋರು ತಗಡನ್ನ ವಾಪಸ್ ಹಾಕಿರಲ್ಲ, ಬೇಕಲೈಟ್ ಬದಲು ತೆಳು ಪೇಪರ್ ಪ್ಯಾಕಿಂಗ್ ಹಾಕಿರ್ತಾರೆ. ನಿಮ್ಮ ಗಾಡಿ ಬಾನೆಟ್ ಎತ್ತಿ ಇವತ್ತೇ ನೋಡಿ, ಎರಡೂ ಇದೆಯಾ ಅಂತ. ಪೆಟ್ರೋಲ್ ಪೈಪ್ ಎಂಜಿನ್ ತಲೆಗೆ ಒರಗಿದ್ರೆ ಎರಡು ಇಂಚು ಆಚೆ ಸರಿಸಿ ಕ್ಲಿಪ್ ಹಾಕಿ. ತಗಡಿನ ಅಳತೆ ನಾನು ರಟ್ಟಿನಲ್ಲಿ ಕತ್ತರಿಸಿ ಇಟ್ಟಿದ್ದೀನಿ. ಡಬ್ಬ ಮಾಡೋ ತಗಡಿನೋರ ಹತ್ರ ಹೋದ್ರೆ ಅರ್ಧ ಗಂಟೆ ಕೆಲಸ. ಬೇಕಾದೋರು ಬಂದು ಗುರುತು ಹಾಕ್ಕೊಂಡು ಹೋಗಿ. ಬರೋವಾಗ ಗಾಡಿನೂ ತನ್ನಿ, ಮಧ್ಯಾಹ್ನದ ಹೊತ್ತಲ್ಲೇ ತನ್ನಿ, ಬಿಸಿ ಇರೋವಾಗ ನೋಡೋಣ.