ನಾಲಿಗೆಯ ವಲಸೆ

ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಕಲಿತವನೊಬ್ಬ ಉದ್ಯೋಗಕ್ಕಾಗಿ ಅಮೆರಿಕೆಗೆ ತೆರಳಿದನೆನ್ನೋಣ. ಅಲ್ಲಿ ಅವನ 'ಲಿಫ್ಟ್' 'ಎಲಿವೇಟರ್' ಆಗುತ್ತದೆ; ವಾಹನಕ್ಕೆ ತುಂಬಿಸುವ ಪೆಟ್ರೋಲು 'ಗ್ಯಾಸ್' ಆಗುತ್ತದೆ; 'ವಾಟರ್' ಎಂಬುದರ ಟಕಾರ ಡಕಾರದತ್ತ ಜಾರುತ್ತದೆ. ಊರಿಗೆ ಮರಳಿದಾಗ ಬಂಧುಗಳು ಇದನ್ನು ಡೌಲು ಎಂದು ನಗುತ್ತಾರೆ. ಆದರೆ ಕೇಳುವವರಿಗೆ ತಿಳಿಯಲೆಂದು ನಾಲಿಗೆ ಹೊಂದಿಕೊಳ್ಳುವುದು ಸಹಜವೇ ಆಗಿದೆ.

ಗಡಿಭಾಗಕ್ಕೆ ಇದು ಹೊಸತಲ್ಲ. ಇಲ್ಲಿಯ ಮಕ್ಕಳಿಗೆ ರಜೆಯೆಂದರೆ 'ಸೂಟಿ'. ಅದು ಮರಾಠಿಯ ಕೊಡುಗೆ. ನ್ಯಾಯಾಲಯದ 'ವಕೀಲ', 'ಅರ್ಜಿ' ಪದಗಳು ಅರಬ್ಬಿ ಮೂಲದವು. ಇವುಗಳಿಂದ ಕನ್ನಡ ಬಡವಾಗಲಿಲ್ಲ. ಬೆಂಗಳೂರಿಗೆ ಹೋದ ವಿದ್ಯಾರ್ಥಿ 'ಚೆನ್ನಾಗಿದೆ' ಎನ್ನಲು ಕಲಿತರೆ ಲಾಭವೇ. 'ಛಲೋ ಅದ' ಎನ್ನಲು ನಾಚಿದರೆ ಮಾತ್ರ ನಷ್ಟ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ವಿಧಿಸುತ್ತದೆ. ಶಾಲೆಗಾಗಿ ಕಾನೂನಿನ ಬಾಗಿಲು ತಟ್ಟಬಹುದು. ನುಡಿಯ ಮೇಲಣ ಅಭಿಮಾನಕ್ಕೆ ಅಂಥ ಬಾಗಿಲಿಲ್ಲ. ಅದು ಮನೆಯಲ್ಲಿಯೇ ಹುಟ್ಟಬೇಕು. ಆದುದರಿಂದ ಪಾಲಕರು ಮಗುವಿನ ಇಂಗ್ಲಿಷ್ ಉಚ್ಚಾರಣೆಯನ್ನಾಗಲಿ, ಜತ್ತದ ಕನ್ನಡವನ್ನಾಗಲಿ ಹಂಗಿಸದಿರಲಿ. ಹಂಗಿಸಿಕೊಂಡ ಮಗು ಎರಡೂ ಭಾಷೆಗಳಲ್ಲಿ ಮೌನವಾಗುತ್ತದೆ.