ಸೈಕಲ್ ಸವಾರಿ ಸರಿ, ಸೈಕಲ್‌ಗೆ ಸವಾರಿ ಯಾವಾಗ?

ದಸರಾ ರಜೇಲಿ ನಾವು ಎಂಟು ಜನ ಒಂದು ಟಿಟಿ ಬಾಡಿಗೆಗೆ ಹಿಡಿದು ಊಟಿ ಕಡೆ ಹೊರಟಿದ್ವಿ. ಜೊತೆಗೆ ನಾಲ್ಕು ಸೈಕಲ್. ಅಲ್ಲಿ ಟೀ ತೋಟಗಳ ನಡುವಿನ ರಸ್ತೆಗಳಲ್ಲಿ ಸೈಕಲ್ ಹೊಡೀಬೇಕು ಅನ್ನೋದು ಪ್ಲಾನ್. ಮೈಸೂರಿಂದಲೇ ತುಳ್ಕೊಂಡು ಹೋಗ್ಬಹುದಿತ್ತಲ್ಲ ಅಂತ ಕೇಳ್ಬೇಡಿ. ನಡುವೆ ಬಂಡೀಪುರದ ಕಾಡಿದೆ, ಆನೆ ಎದುರು ಬಂದ್ರೆ ಇಪ್ಪತ್ತೊಂದು ಗೇರ್ ಇದ್ದೂ ಪ್ರಯೋಜನ ಇಲ್ಲ. ಹಾಗಾಗಿ ನಾಲ್ಕನ್ನೂ ಟಿಟಿ ಮೇಲಿನ ಕ್ಯಾರಿಯರ್‌ನಲ್ಲಿ ಒಂದರ ಮೇಲೊಂದು ಮಲಗಿಸಿ ನೈಲಾನ್ ಹಗ್ಗದಲ್ಲಿ ಬಿಗಿದ್ವಿ. ಬಿಗಿದವನು ನಾನೇ. ಡ್ರೈವರ್ ಅಣ್ಣ ಕೆಳಗೆ ನಿಂತು "ಗಟ್ಟಿ ಇದೆಯಾ?" ಅಂದ್ರು. "ಫುಲ್ ಟೈಟ್ ಅಣ್ಣ" ಅಂದೆ.

ಬೇಗೂರು ದಾಟಿ ಗುಂಡ್ಲುಪೇಟೆ ಇನ್ನೂ ಬಂದಿರ್ಲಿಲ್ಲ. ಒಂದು ಹಂಪ್ ಹಾರಿದ ಕೂಡಲೇ ಮೇಲೆ ಏನೋ ಕರಕರ ಅಂತು. ಹಿಂದಿನ ಗಾಜಿನಲ್ಲಿ ನೋಡ್ತೀವಿ, ಎಲ್ಲಕ್ಕಿಂತ ಮೇಲಿದ್ದ ಸೈಕಲ್ ಜಾರಿ ರಸ್ತೆ ಮೇಲೆ ಬಿದ್ದು ಉರುಳ್ತಾ ಇದೆ. ಅದರ ಹಿಂದೆಯೇ ಮೊಪೆಡ್‌ನಲ್ಲಿ ಹುಲ್ಲಿನ ಹೊರೆ ಕಟ್ಕೊಂಡು ಒಬ್ಬ ಯಜಮಾನ್ರು ಬರ್ತಿದ್ರು. ಬ್ರೇಕ್ ಹಾಕಿದ್ರು, ಗಾಡಿ ಪಕ್ಕಕ್ಕೆ ವಾಲಿತು, ಹುಲ್ಲಿನ ಹೊರೆ ಕೆಳಗೆ, ಅದರ ಮೇಲೆ ಅವರು. ಮೊಣಕೈ ತರಚಿತ್ತು, ಅಷ್ಟೇ. ಹುಲ್ಲು ಇಲ್ಲದಿದ್ದರೆ ಏನಾಗ್ತಿತ್ತೋ ಯೋಚ್ನೆ ಮಾಡೋಕೂ ಇಷ್ಟ ಇಲ್ಲ. ನಾವು ಓಡಿ ಹೋಗಿ ಎತ್ತಿದ್ವಿ, ನೀರು ಕೊಟ್ವಿ, ಹತ್ತು ಸಲ ಸಾರಿ ಕೇಳಿದ್ವಿ. ಅವರು ಬೈಯ್ಲಿಲ್ಲ. ಸೈಕಲ್ ಕಡೆ ನೋಡಿ, "ಇಷ್ಟೆಲ್ಲಾ ಓದ್ತೀರಿ, ಇದನ್ನ ಸರಿಯಾಗಿ ಕಟ್ಕೊಂಡು ಹೋಗಕ್ಕೆ ಒಂದು ದಾರಿ ಇಲ್ವೇನಪ್ಪಾ?" ಅಂದ್ರು.

ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಹಾಸ್ಟೆಲ್‌ಗೆ ಬಂದು ಲೆಕ್ಕ ಹಾಕಿದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತೆ, ಇದು ನಿಮಗೂ ಗೊತ್ತು, ನನಗೂ ಪರೀಕ್ಷೇಲಿ ಗೊತ್ತಿತ್ತು. ಮಲಗಿಸಿದ ಒಂದು ಸೈಕಲ್‌ಗೆ ಡ್ರ್ಯಾಗ್ ಗುಣಾಂಕ ಗುಣಿಸು ವಿಸ್ತೀರ್ಣ ಸುಮಾರು 0.2 ಚದರ ಮೀಟರ್ ಅಂತ ಇಟ್ಕೊಳ್ಳಿ. ಗಂಟೆಗೆ 40 ಕಿಮೀ ವೇಗದಲ್ಲಿ ಗಾಳಿ ಅದನ್ನ ಹಿಂದಕ್ಕೆ ತಳ್ಳೋದು ಒಂದೂವರೆ ಕೆಜಿ ತೂಕದಷ್ಟು. 80ರಲ್ಲಿ ಆರು ಕೆಜಿ. ಇದೇನು ಮಹಾ ಅನ್ಸುತ್ತೆ. ಆದರೆ ಹಂಪ್ ಹಾರುವಾಗ ಮೇಲ್ಛಾವಣಿ ಸಟ್ಟನೆ ಕೆಳಗಿಳಿಯುತ್ತೆ, ಆ ಕ್ಷಣಕ್ಕೆ ಸೈಕಲ್‌ಗೆ ತೂಕವೇ ಇರಲ್ಲ. ತೂಕ ಇಲ್ಲ ಅಂದ್ರೆ ಘರ್ಷಣೆ ಇಲ್ಲ. ಆಗ ಹಿಡಿದಿರೋದು ಹಗ್ಗ ಒಂದೇ. ಆ ನೈಲಾನ್ ಹಗ್ಗವೋ, ಹಿಗ್ಗುತ್ತೆ, ಗಂಟು ಅದುರಿ ಅದುರಿ ಕೂತ್ಕೊಳ್ಳುತ್ತೆ. ಮೈಸೂರಲ್ಲಿ "ಫುಲ್ ಟೈಟ್" ಇದ್ದದ್ದು ನಂಜನಗೂಡು ದಾಟೋ ಹೊತ್ತಿಗೆ ಎರಡು ಬೆರಳು ಸಡಿಲ ಆಗಿರುತ್ತೆ. ನಂಜನಗೂಡಲ್ಲಿ ಟೀ ಕುಡಿಯೋಕೆ ನಿಲ್ಲಿಸಿದ್ವಿ. ಒಬ್ಬರಾದ್ರೂ ಮೇಲೆ ಹತ್ತಿ ಹಗ್ಗ ಮುಟ್ಟಿ ನೋಡಿದ್ವಾ? ಇಲ್ಲ. ಸೆಲ್ಫಿ ತಗೊಂಡ್ವಿ.

ಇದು ನನ್ನ ತಪ್ಪು, ಒಪ್ಕೋತೀನಿ. ಆದರೆ ಯಜಮಾನ್ರ ಪ್ರಶ್ನೆ ಇನ್ನೂ ದೊಡ್ಡದು. ಒಂದು ದಾರಿ ಇಲ್ವಾ? ಹುಡುಕಿದೆ. ಮೈಸೂರಲ್ಲಿ ನಿಂತು ಹುಡುಕಿದರೆ, ನಿಜವಾಗ್ಲೂ ಸರಿಯಾದ ದಾರಿ ಇಲ್ಲ. ನಾನು ಹೇಳಬೇಕಂತ ಇರೋದು ಇದೇ: ಸೈಕಲ್ ತುಳಿಯೋಕೆ ಜಾಗ ಕೊಡಿ ಅಂತ ಎಲ್ಲರೂ ಕೇಳ್ತೀವಿ, ಸೈಕಲ್ಲನ್ನ ಊರಿಂದೂರಿಗೆ ಹೊತ್ತೊಯ್ಯೋಕೆ ಜಾಗ ಕೊಡಿ ಅಂತ ಯಾರೂ ಕೇಳ್ತಿಲ್ಲ.

ಸೈಕಲ್ ವಿಷಯದಲ್ಲಿ ನಮ್ಮೂರು ಹಿಂದೆ ಬಿದ್ದಿರೋ ಊರೇನಲ್ಲ. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಟ್ರಿಣ್ ಟ್ರಿಣ್ ಶುರುವಾದಾಗ ದೇಶವೇ ತಿರುಗಿ ನೋಡಿತ್ತು. ಆದರೆ ಆ ಸೈಕಲ್ ತಗೊಂಡ ನಿಲ್ದಾಣವೋ ಇನ್ನೊಂದೋ, ಒಟ್ಟು ಊರೊಳಗೇ ವಾಪಸ್ ನಿಲ್ಲಿಸ್ಬೇಕು. ಊರಾಚೆ ಹೋಗ್ಬೇಕು ಅಂದ್ರೆ ನಿಮ್ಮ ಸೈಕಲ್ಲೇ ಬೇಕು. ಬೆಂಗಳೂರಿಗೆ ತುಳ್ಕೊಂಡು ಹೋಗ್ತೀರಾ? 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಎಕ್ಸ್‌ಪ್ರೆಸ್‌ವೇನಲ್ಲಿ ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆ ಸೈಕಲ್‌ಗೂ ಮುಖ್ಯ ರಸ್ತೆ ಬಂದ್. ಆ ವೇಗದ ರಸ್ತೇಲಿ ಸೈಕಲ್ ಬೇಡ ಅನ್ನೋದನ್ನ ನಾನೂ ಒಪ್ತೀನಿ. ಆದರೆ ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ತೆಗೀಬೇಕಲ್ವಾ?

ರೈಲು ಇದೆ ಅಂತೀರಿ. ಇದೆ. ಸ್ಲೀಪರ್ ಟಿಕೆಟ್‌ಗೆ 40 ಕೆಜಿ ಲಗೇಜ್ ಪುಕ್ಕಟೆ, ಆದರೆ ಸೈಕಲ್, ಸ್ಕೂಟರ್ ಥರದ ಸಾಮಾನಿಗೆ ಆ ರಿಯಾಯಿತಿ ಇಲ್ಲ. ಪಾರ್ಸೆಲ್ ಆಫೀಸಿಗೆ ಮುಂಚೆಯೇ ಹೋಗಿ ಬುಕ್ ಮಾಡಿ ಲಗೇಜ್ ವ್ಯಾನ್‌ಗೆ ಹಾಕಿಸ್ಬೇಕು. ಟಿಕೆಟ್ ತೋರಿಸಿ 'ಲಗೇಜ್' ಅಂತ ಬುಕ್ ಮಾಡಿದ್ರೆ ನಿಮ್ಮ ರೈಲಲ್ಲೇ ಬರುತ್ತೆ. 'ಪಾರ್ಸೆಲ್' ಅಂತ ಮಾಡಿದ್ರೆ ಜಾಗ ಇದ್ದ ರೈಲಲ್ಲಿ ಬರುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಜನ ಪ್ಲಾಟ್‌ಫಾರ್ಮ್‌ನಲ್ಲಿ ಕಾದಿದ್ದಾರೋ. ವರ್ಷಕ್ಕೊಮ್ಮೆ ಸಾಮಾನು ಸಾಗಿಸೋರಿಗೆ ಈ ವ್ಯವಸ್ಥೆ ಪರವಾಗಿಲ್ಲ. ಶನಿವಾರ ಹೋಗಿ ಭಾನುವಾರ ಬರೋರಿಗೆ ಅಲ್ಲ.

ಕಾರಿನ ಹಿಂದೆ ಪಟ್ಟಿ ಕಟ್ಟಿ ತೂಗುಹಾಕೋ ರ‍್ಯಾಕ್ ಆನ್‌ಲೈನ್‌ನಲ್ಲಿ ಸಿಗುತ್ತೆ. ಎರಡು ಸೈಕಲ್ ಹಾಕಿದ ಕೂಡಲೇ ನಂಬರ್ ಪ್ಲೇಟ್ ಮರೆ, ಬ್ರೇಕ್ ಲೈಟ್ ಅರ್ಧ ಮರೆ. ಇಂಗ್ಲೆಂಡಿನಲ್ಲಿ ಇದಕ್ಕೆ ಸುಲಭ ಉಪಾಯ ಮಾಡ್ಕೊಂಡಿದ್ದಾರೆ: ಅದೇ ನಂಬರಿನ ಇನ್ನೊಂದು ಪ್ಲೇಟ್ ಮಾಡಿಸಿ, ಲೈಟಿನ ಸಮೇತ ಸೈಕಲ್ ಮೇಲೆ ಕಟ್ತಾರೆ. ನಮ್ಮಲ್ಲಿ ಹೈ ಸೆಕ್ಯುರಿಟಿ ಪ್ಲೇಟ್ ಮುಂದೊಂದು ಹಿಂದೊಂದು, ಅಷ್ಟೇ. ಮೂರನೇದನ್ನ ಸ್ಟಿಕ್ಕರ್ ಅಂಗಡೀಲಿ ಮಾಡಿಸೋ ಹಾಗಿಲ್ಲ. ಇನ್ನು, ಮಿತಿ ಮೀರಿ ಗಾಡಿಯಿಂದ ಹೊರಚಾಚೋ ಲೋಡ್‌ಗೆ 2019ರ ತಿದ್ದುಪಡಿ ಪ್ರಕಾರ ದಂಡ 20,000 ರೂಪಾಯಿ. ಲಾರಿಯಲ್ಲಿ ಕಬ್ಬಿಣದ ಸರಳು ಚಾಚಿಕೊಂಡು ಹೋಗೋದನ್ನ ತಡೆಯೋಕೆ ಇದು ಬೇಕೇ ಬೇಕು. ಆದರೆ ಕಾರಿನ ಹಿಂದಿನ ಸೈಕಲ್ ರ‍್ಯಾಕ್ ಹೀಗಿರ್ಲಿ, ಪ್ಲೇಟ್ ಇಲ್ಲಿ ಕಾಣಲಿ ಅಂತ ಸಾಮಾನ್ಯ ಜನಕ್ಕೆ ಅರ್ಥ ಆಗೋ ಹಾಗೆ ಹೇಳಿದ್ರೆ, ನಾವೂ ಹಾಗೇ ಮಾಡ್ತೀವಪ್ಪ.

ಇಲ್ಲೊಂದು ಸಣ್ಣ ಪಕ್ಕದಾರಿ. ಯುರೋಪಿನವರು ಕಾರಿನ ಹಿಂದೆ ಕ್ಯಾರವಾನ್ ಎಳ್ಕೊಂಡು ಟೂರ್ ಹೋಗೋ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ಅವರಿಗೂ ಇದೇ ತಲೆನೋವು. ಸೈಕಲ್ಲನ್ನ ಕ್ಯಾರವಾನ್‌ನ ಹಿಂಗೋಡೆಗೆ ನೇತುಹಾಕೋದು ಸುಲಭ ಅನ್ಸುತ್ತೆ. ಆದರೆ ಚಕ್ರದ ಅಚ್ಚಿನಿಂದ 3 ಮೀಟರ್ ಹಿಂದೆ ರ‍್ಯಾಕ್ ಸೇರಿ 40 ಕೆಜಿ ತೂಗುಹಾಕಿ, ಕೊಂಡಿ ಅಚ್ಚಿನಿಂದ 4 ಮೀಟರ್ ಮುಂದಿದ್ರೆ, ಕೊಂಡಿ ಮೇಲಿನ ಭಾರ 30 ಕೆಜಿ ಇಳಿದುಹೋಗುತ್ತೆ. ಫಸ್ಟ್ ಸೆಮ್ ಮೆಕ್ಯಾನಿಕ್ಸ್‌ನ ಏತದ ಲೆಕ್ಕ. 1200 ಕೆಜಿ ಕ್ಯಾರವಾನ್‌ಗೆ ಕೊಂಡಿ ಮೇಲೆ ಇರಬೇಕಾದ್ದೇ ಸುಮಾರು 60ರಿಂದ 80 ಕೆಜಿ. ಮೂಗು ಹಗುರವಾದ್ರೆ ಬಾಲ ಆಡೋಕೆ ಶುರು ಮಾಡುತ್ತೆ, ವೇಗದಲ್ಲಿ ಇಡೀ ಕ್ಯಾರವಾನ್ ಹಾವಿನ ಹಾಗೆ ಹೊಯ್ದಾಡುತ್ತೆ. ಅದಕ್ಕೇ ಬುದ್ಧಿವಂತರು ಸೈಕಲ್ಲನ್ನ ಮುಂದೆ ಕೊಂಡಿ ಹತ್ತಿರವೋ, ಒಳಗೆ ಅಚ್ಚಿನ ಮೇಲೋ, ಕಾರಿನ ಮೇಲೋ ಇಡ್ತಾರೆ. ನಮ್ಮ ರಾಜ್ಯದಲ್ಲೂ ಈಗ ಕ್ಯಾರವಾನ್ ಬಾಡಿಗೆಗೆ ಸಿಗುತ್ತೆ, ಅದು ಒಂದೇ ಗಾಡಿಯಾಗಿರೋ ಮಾದರಿ; ನಮ್ಮ ಜೇಬಿಗಂತೂ ಟಿಟಿಯೇ ಕ್ಯಾರವಾನ್. ಆದ್ರೂ ಪಾಠ ಒಂದೇ, ಸೈಕಲ್ ಎಲ್ಲಿ ಕೂರ್ಬೇಕು ಅನ್ನೋದನ್ನ ಹೊರಡೋ ಬೆಳಿಗ್ಗೆ ಹಗ್ಗ ಹಿಡ್ಕೊಂಡು ತೀರ್ಮಾನ ಮಾಡೋದಲ್ಲ.

"ಟ್ರಿಪ್ ಹೋಗೋ ನಾಲ್ಕು ಜನರ ಶೋಕಿಗೆ ಇಷ್ಟು ದೊಡ್ಡ ಲೇಖನ ಬೇಕಾ ಮಗಾ?" ಅಂತ ನನ್ನ ಕ್ಲಾಸ್‌ಮೇಟ್ ಒಬ್ಬ ಕೇಳಿದ. ಸರಿಯಾದ ಪ್ರಶ್ನೆ. ಶೋಕಿ ಬಿಡಿ, ನನ್ನ ರೂಮ್‌ಮೇಟ್ ಕಥೆ ಕೇಳಿ.

ಅವನದು ಕೊಳ್ಳೇಗಾಲದ ಹತ್ತಿರದ ಹಳ್ಳಿ. ಎಂಟನೇ ಕ್ಲಾಸಲ್ಲಿ ಸರ್ಕಾರಿ ಸ್ಕೂಲಿಂದ ಸೈಕಲ್ ಸಿಕ್ಕಿತ್ತು, 2006-07ರಲ್ಲಿ ಶುರುವಾದ ಆ ಯೋಜನೆಯದ್ದೇ. ನಮ್ಮ ಕ್ಯಾಂಪಸ್ಸಲ್ಲೇ ಆ ಸೈಕಲ್ ತುಳಿದು ಹೈಸ್ಕೂಲ್ ಮುಗಿಸಿ ಬಂದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಆ ಸೈಕಲ್‌ಗಳೆಲ್ಲ ಈಗ ಎಲ್ಲಿವೆ? ಕೊಟ್ಟಿಗೇಲಿ, ಚೈನ್ ತುಕ್ಕು ಹಿಡ್ಕೊಂಡು. ಇಲ್ಲಿ ಅದರ ಮಾಲೀಕರು ಹಾಸ್ಟೆಲಿಂದ ಕಾಲೇಜಿಗೆ ಆಟೊ ಶೇರ್ ಮಾಡ್ಕೊಂಡು ದುಡ್ಡು ಎಣಿಸ್ತಿರ್ತಾರೆ. ರೂಮ್‌ಮೇಟ್‌ಗೆ ಆಸೆ ಬಂತು, ಸೈಕಲ್ ತಂದುಬಿಡೋಣ ಅಂತ. ಕೊಳ್ಳೇಗಾಲಕ್ಕೆ ರೈಲಿಲ್ಲ. ಒಂದು ಬಸ್ಸಲ್ಲಿ ಕೇಳಿದ. ಕಂಡಕ್ಟರ್ ಜಗಳ ಏನೂ ಮಾಡಲಿಲ್ಲ, "ಜಾಗ ಎಲ್ಲೈತೆ ನೀನೇ ತೋರ್ಸಪ್ಪ" ಅಂದ್ರಂತೆ. ನಿಜ, ಇರಲಿಲ್ಲ. ನಮ್ಮ ಅಪ್ಪಂದಿರ ಕಾಲದ ಕೆಂಪು ಬಸ್ಸಿನ ಹಿಂದೆ ಏಣಿ, ಮೇಲೆ ಕ್ಯಾರಿಯರ್. ಹಾಲಿನ ಕ್ಯಾನು, ಬಾಳೆಗೊನೆ, ಕೋಳಿ ಬುಟ್ಟಿ, ಸೈಕಲ್ಲು ಎಲ್ಲಾ ಮೇಲೇರ್ತಿತ್ತು. ಈಗ ಬರೋ ಹೊಸ ಬಸ್ಸುಗಳಲ್ಲಿ ಆ ಏಣಿ ಹೋಯ್ತು, ಡಿಕ್ಕಿ ಬಂತು. ಬಸ್ ಚೆಂದ ಆಯ್ತು. ಸೈಕಲ್‌ಗೆ ಮಾತ್ರ ಜಾಗ ಹೋಯ್ತು.

ಕೊನೆಗೆ ಅವನ ಸೈಕಲ್ ಮೈಸೂರಿಗೆ ಬಂದಿದ್ದು ಟೊಮೆಟೊ ಕ್ರೇಟ್‌ಗಳ ಮೇಲೆ ಕೂತ್ಕೊಂಡು. ಊರಿನ ಪರಿಚಯದವರ ಗೂಡ್ಸ್ ಗಾಡಿ, ರಾತ್ರಿ ಹೊರಟು ಬೆಳಗಿನ ಜಾವ ಬಂಡೀಪಾಳ್ಯದ ಎಪಿಎಂಸಿಗೆ. ಇವನು ನಾಲ್ಕೂವರೆಗೆ ಎದ್ದು ಅಲ್ಲಿಗೆ ಹೋಗಿ ಇಳಿಸ್ಕೊಂಡ. ಈಗ ಆಟೊ ಖರ್ಚಿಲ್ಲ, ಸಂಜೆ ಕುಕ್ಕರಹಳ್ಳಿ ಕೆರೆ ಕಡೆಗೂ ಅದರಲ್ಲೇ. ಆದರೆ ಎಲ್ಲರಿಗೂ ಟೊಮೆಟೊ ಗಾಡಿಯ ಪರಿಚಯ ಇರಲ್ಲ.

ಬೆಂಗಳೂರಲ್ಲಿ ಸಣ್ಣಪುಟ್ಟ ಪ್ರಯತ್ನ ಆಗಿದೆ. ಕೆಲವು ವರ್ಷದ ಹಿಂದೆ ಬಿಎಂಟಿಸಿ ಒಂದಷ್ಟು ಬಸ್ಸುಗಳ ಮುಂದೆ ಎರಡು ಸೈಕಲ್ ಹಿಡಿಯೋ ರ‍್ಯಾಕ್ ಹಾಕಿ ನೋಡಿತು. 2022ರಿಂದ ನಮ್ಮ ಮೆಟ್ರೊ ಮಡಚೋ ಸೈಕಲ್‌ಗೆ ಅವಕಾಶ ಕೊಟ್ಟಿದೆ, 15 ಕೆಜಿ ಒಳಗಿರಬೇಕು. ಮಡಚೋ ಸೈಕಲ್ ಬೆಲೆ ಕೇಳಿದ್ರೆ ನಾವೇ ಮಡಚ್ಕೋತೀವಿ, ಅದು ಬೇರೆ ಮಾತು. ಮೈಸೂರಿಗೆ ನಾನು ಕೇಳೋದು ಅಷ್ಟೂ ಅಲ್ಲ. ಬಸ್ಸಿನ ಮುಂದಿನ ರ‍್ಯಾಕ್ ಹೆದ್ದಾರಿ ವೇಗಕ್ಕೆ ಸರಿಯೋ ಅಲ್ವೋ ಅನ್ನೋ ಅನುಮಾನ ನನಗೂ ಇದೆ. ಆದರೆ ಮುಂದಿನ ಚಕ್ರ ಬಿಚ್ಚಿ ಹ್ಯಾಂಡಲ್ ತಿರುಗಿಸಿದ ಸೈಕಲ್ ಸುಮಾರು ಒಂದೂಕಾಲು ಮೀಟರ್‌ಗೆ ಬರುತ್ತೆ. ಚೀಲದಲ್ಲಿ ಹಾಕಿದ ಅಂಥ ಸೈಕಲ್‌ಗೆ ಡಿಕ್ಕಿಯಲ್ಲಿ ಜಾಗ ಇದ್ದರೆ ಇಂತಿಷ್ಟು ದರ ಅಂತ ಬಸ್‌ಸ್ಟ್ಯಾಂಡಲ್ಲಿ ಒಂದು ಬೋರ್ಡ್ ಹಾಕ್ಲಿ. ಕಂಡಕ್ಟರ್ ಮನಸ್ಸಿನ ಮೇಲೆ ಬಿಡೋದು ಬೇಡ, ಅವರಿಗೂ ಅದು ಕಷ್ಟ. ಮೈಸೂರು–ಬೆಂಗಳೂರು ನಡುವಿನ ಹಗಲು ರೈಲುಗಳಲ್ಲಿ ಒಂದು ಬೋಗಿಯ ಮೂಲೇಲಿ ನಾಲ್ಕು ಕೊಕ್ಕೆ ಹಾಕ್ಲಿ. ನಾಲ್ಕೇ ಕೊಕ್ಕೆ.

ಅವರು ಮಾಡೋವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿ ವರ್ಷ ನಮ್ಮ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಸೋಲಾರ್ ಸೈಕಲ್ ಬಂದೇ ಬರುತ್ತೆ (ತಪ್ಪು ತಿಳ್ಕೋಬೇಡಿ, ನಮ್ಮ ಸೀನಿಯರ್‌ಗಳದ್ದೂ ಅದೇ ಆಗಿತ್ತು). ಅದರ ಬದಲು ಟಿಟಿ ಒಳಗಿನ ಹಿಂದಿನ ಸೀಟ್ ಬಿಚ್ಚಿದ ಜಾಗಕ್ಕೆ ಬೋಲ್ಟ್ ಆಗೋ, ಫೋರ್ಕ್ ಹಿಡಿಯೋ ಒಂದು ಫ್ರೇಮ್ ಮಾಡಿ. ವರ್ಕ್‌ಶಾಪ್‌ನಲ್ಲಿ ಚೌಕ ಪೈಪಿದೆ, ವೆಲ್ಡಿಂಗ್ ಇದೆ. ಅದನ್ನ ಕಾಲೇಜು ಟ್ರಿಪ್‌ಗಳಿಗೆ ಬಾಡಿಗೆ ಇಲ್ಲದೆ ಕೊಡಬಹುದು. ನಾವು ಮೂವರು ಈಗಾಗಲೇ ಅಳತೆ ತಗೊಂಡು ಕಾರ್ಡ್‌ಬೋರ್ಡ್ ಮಾದರಿ ಮಾಡಿದ್ದೀವಿ. ನಾಲ್ಕು ಸೈಕಲ್ ಕೂತ್ರೆ ಎಂಟು ಜನರಿಗೆ ಕಾಲಿಡೋಕೆ ಜಾಗ ಸಾಲ್ತಿಲ್ಲ, ಅಲ್ಲಿ ಸಿಕ್ಕಿಹಾಕ್ಕೊಂಡಿದ್ದೀವಿ. ತಲೆ ಇರೋರು ಬನ್ನಿ. ಅಲ್ಲಿವರೆಗೂ ಮೇಲೆ ಕಟ್ಟಲೇಬೇಕು ಅಂದ್ರೆ ಹಗ್ಗ ಬಿಟ್ಟು ರ‍್ಯಾಚೆಟ್ ಪಟ್ಟಿ ತಗೊಳ್ಳಿ, ಒಂದು ಸೈಕಲ್‌ಗೆ ಎರಡು, ಫ್ರೇಮ್‌ಗೇ ಹಾಕಿ, ಚಕ್ರಕ್ಕಲ್ಲ. ಮೊದಲ ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೆ ಬಿಗೀರಿ.

ರೂಮ್‌ಮೇಟ್‌ದು ಇದು ಕೊನೇ ಸೆಮ್. ಸೈಕಲ್ ವಾಪಸ್ ಊರಿಗೆ ಹೋಗ್ಬೇಕು, ಈ ವರ್ಷ ಹೈಸ್ಕೂಲ್ ಸೇರೋ ತಂಗಿಗೆ ಬೇಕಂತೆ. ಬಂಡೀಪಾಳ್ಯದಿಂದ ಖಾಲಿ ಕ್ರೇಟ್ ತುಂಬ್ಕೊಂಡು ಕೊಳ್ಳೇಗಾಲದ ಕಡೆ ಹೋಗೋ ಗಾಡಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.