ಕರಟದ ಆಮೆಯೂ ಹುಲ್ಲಿನ ಹಗ್ಗವೂ

ಕುಮಟೆಯ ಸಮೀಪದ ಕಾಗಾಲದಿಂದ ನಮ್ಮ ವಾಚಕ ಮಹಾಶಯರೊಬ್ಬರು ಬರೆದ ಕಾಗದವೊಂದು ಕೆಲವು ತಿಂಗಳ ಕೆಳಗೆ ನಮ್ಮ ಕೈಸೇರಿತು. ಅವರು ಗದ್ದೆ ತೋಟಗಳುಳ್ಳ ಗೃಹಸ್ಥರು. ಅವರ 14 ವರ್ಷದ ಮಗನಿಗೆ ಕಳೆದ ಬೇಸಗೆಯಿಂದ ಒಂದು ಗೀಳು ಹಿಡಿದಿದೆಯಂತೆ. ತೆಂಗಿನ ಕರಟವನ್ನು ಕವುಚಿ ಆಮೆಯನ್ನು ಮಾಡುತ್ತಾನೆ. ಮುರಿದ ಕೊಡೆಯ ಕಡ್ಡಿಗಳಿಂದ ಬೆಳ್ಳಕ್ಕಿಯನ್ನು ನಿಲ್ಲಿಸುತ್ತಾನೆ. ಸೈಕಲ್ಲಿನ ಹಳೆಯ ಸರಪಳಿ ಹಾವಾಗುತ್ತದೆ, ಹೊಳೆಯ ಚಿಪ್ಪುಗಳು ಮೀನಿನ ಮೈಯಾಗುತ್ತವೆ. "ಜಗಲಿಯಲ್ಲಿ ಕಾಲಿಡಲು ಸ್ಥಳವಿಲ್ಲ. ಇವನ ತಾಯಿಯ ಸೌಟು ಕಾಣೆಯಾಗಿ, ಮೂರು ದಿನಗಳ ಮೇಲೆ ಬಾತುಕೋಳಿಯ ಕೊರಳಾಗಿ ಸಿಕ್ಕಿತು. ಇದು ಕಲೆಯೋ ಕಾಲಹರಣವೋ? ಮುಂದಿನ ವರ್ಷ ದೊಡ್ಡ ಪರೀಕ್ಷೆ ಇರುವುದರಿಂದ ಇದನ್ನು ನಿಲ್ಲಿಸಿಬಿಡಬೇಕೋ?" ಎಂದು ಅವರು ಕೇಳಿರುತ್ತಾರೆ.

ಇಂಥ ಪ್ರಶ್ನೆಗೆ ಕುಳಿತಲ್ಲಿಂದಲೇ ಉತ್ತರ ಬರೆಯುವುದು ಸುಲಭ. ಪ್ಯಾರಿಸಿನಲ್ಲಿ 1942ರಲ್ಲಿ ಪಿಕಾಸೊ ಎಂಬ ಪ್ರಸಿದ್ಧ ಕಲಾವಿದನು ಸೈಕಲ್ಲಿನ ಆಸನಕ್ಕೆ ಅದರ ಹಿಡಿಕೆಯನ್ನು ಕೊಂಬಿನಂತೆ ಜೋಡಿಸಿ ಗೂಳಿಯ ತಲೆಯನ್ನು ಮಾಡಿದನು. ಜಗತ್ತು ಅದನ್ನು ಕಲೆಯೆಂದು ಒಪ್ಪಿತು. ನಮ್ಮ ದೇಶದಲ್ಲೇ ಚಂಡೀಗಢದ ನೇಕ್ ಚಂದರ ಕಥೆಯಿದೆ. ರಸ್ತೆಯ ಕೆಲಸದ ಮೇಲ್ವಿಚಾರಕರಾಗಿದ್ದ ಅವರು 1957ರ ಸುಮಾರಿನಿಂದ, ಸರಕಾರದ ಕಾಯ್ದಿಟ್ಟ ಕಾಡಿನೊಳಗೆ ಯಾರಿಗೂ ತಿಳಿಯದಂತೆ, ಒಡೆದ ಬಳೆ, ಪಿಂಗಾಣಿಯ ಚೂರು, ಮುರಿದ ಕಟ್ಟಡಗಳ ಅವಶೇಷ ಇವುಗಳಿಂದ ಮನುಷ್ಯರನ್ನೂ ಪ್ರಾಣಿಗಳನ್ನೂ ಮಾಡಿ ಸಾಲಾಗಿ ನಿಲ್ಲಿಸುತ್ತ ಹೋದರು. ಸುಮಾರು 18 ವರ್ಷಗಳ ಮೇಲೆ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಅದನ್ನು ಕೆಡವಬೇಕೆಂಬ ಮಾತೂ ಹುಟ್ಟಿತು. ಕೆಡವಲಿಲ್ಲ, 1976ರಲ್ಲಿ ಸಾರ್ವಜನಿಕರಿಗೆ ತೆರೆದರು. 1984ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 2015ರಲ್ಲಿ ಅವರು ತೀರಿಕೊಂಡರು. ತೋಟ ಇಂದಿಗೂ ಇದೆ.

ಇಷ್ಟು ಬರೆದು, "ಆದುದರಿಂದ ನಿಮ್ಮ ಮಗನನ್ನು ತಡೆಯಬೇಡಿರಿ" ಎಂದು ಮುಗಿಸಬಹುದಾಗಿತ್ತು. ಆದರೆ ಮಳೆ ಹಿಂತೆಗೆದ ಮೇಲೆ ಕುಮಟೆಯ ಕಡೆಗೆ ಹೋಗುವ ಸಂದರ್ಭ ಒದಗಿತು; ಆಮೆಯನ್ನೂ ಬೆಳ್ಳಕ್ಕಿಯನ್ನೂ ಕಣ್ಣಾರೆ ನೋಡಿಯೇ ಬರೆಯೋಣವೆಂದು ಕಾಗಾಲಕ್ಕೆ ಹೋದೆವು.

ಬೆಳ್ಳಕ್ಕಿಯನ್ನು ಕಂಡು ನಾವು ನಿಜವಾಗಿ ಬೆರಗಾದೆವು. ಕೊಡೆಯ ಕಡ್ಡಿಯಲ್ಲಿ ಮಡಚುವ ಕೀಲಿರುತ್ತದಷ್ಟೆ. ಅದನ್ನೇ ಹುಡುಗ ಹಕ್ಕಿಯ ಮೊಣಕಾಲನ್ನಾಗಿ ಮಾಡಿದ್ದನು. ಗದ್ದೆಯಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತ ಬೆಳ್ಳಕ್ಕಿಯನ್ನು ಎಷ್ಟೋ ದಿನ ನೋಡಿದ ಕಣ್ಣಿಗಲ್ಲದೆ ಇದು ಹೊಳೆಯದು. ಆದರೆ ನಾವು ಮೆಚ್ಚುಗೆಯ ಮಾತನ್ನು ಆಡುತ್ತಿರುವಾಗಲೇ ಯಾರೋ ಪಂಖ ಹಾಕಿದರು. ಹಕ್ಕಿಯ ಒಂದು ರೆಕ್ಕೆ ಕಳಚಿ ನಮ್ಮ ಚಹದ ಬಟ್ಟಲಿನ ಪಕ್ಕದಲ್ಲೇ ಬಿದ್ದಿತು. ಹುಡುಗನ ಮುಖ ಬಾಡಿತು. ಎಲ್ಲವನ್ನೂ ಅವನು ಅಂಗಡಿಯ ಅಂಟಿನಿಂದ ಜೋಡಿಸಿದ್ದನು. ಕಡಲ ಬದಿಯ ಹವೆಗೆ ಆ ಅಂಟು ನಿಲ್ಲುತ್ತಿರಲಿಲ್ಲ.

ಮೂಲೆಯಲ್ಲಿ ಕವಳ ಹಾಕುತ್ತ ಕುಳಿತಿದ್ದ ಅವನ ಅಜ್ಜ ಹೇಳಿದರು: "ತಮ್ಮಾ, ಅಂಟು ಹಿಡೀತದೆ, ಬಿಡ್ತದೆ. ಗಂಟು ಹಾಕೂದು ಕಲಿ."

ಈ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಬರುವಾಗ ನಮ್ಮ ತಲೆಯಲ್ಲಿ ಪ್ಯಾರಿಸೂ ಚಂಡೀಗಢವೂ ಇದ್ದವು; ಈ ಊರುಗಳಲ್ಲಿ ನಿತ್ಯದ ವಸ್ತುಗಳಿಂದ ರೂಪ ಕಟ್ಟುವ ಕೈಗಳು ಎಷ್ಟಿವೆ ಎಂಬುದನ್ನು ಮರೆತೇಬಿಟ್ಟಿದ್ದೆವು. ಹಲಸಿನ ನಾಲ್ಕು ಎಲೆಗಳನ್ನು ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಕೊಟ್ಟೆ ಮಾಡುವ ಗೃಹಿಣಿ, ಕಡುಬು ತಿಂದಾದ ಮೇಲೆ ಎಸೆದುಬಿಡುವ ಆ ಕೊಟ್ಟೆಯನ್ನು ಕಲೆಯೆಂದು ಎಂದಾದರೂ ಹೇಳಿಕೊಂಡಿದ್ದಾಳೆಯೆ? ಅಡಕೆಯ ಹಾಳೆ ಟೋಪಿಯಾಗುತ್ತದೆ, ಬೀಸಣಿಗೆಯಾಗುತ್ತದೆ, ಹುಡುಗರ ಆಟಕ್ಕೆ ರಾಕ್ಷಸನ ಮುಖವೂ ಆಗುತ್ತದೆ. ತೆಂಗಿನ ಹಸಿ ಗರಿ ಕ್ಷಣಮಾತ್ರದಲ್ಲಿ ಪೀಪಿ, ಗಿರಗಿಟ್ಟಲೆ, ಹಾವು. ಚೌತಿಯ ಮುನ್ನಾದಿನ ಗಣಪತಿಯ ತಲೆಯ ಮೇಲೆ ಕಟ್ಟುವ ಫಲಾವಳಿಯನ್ನು ನೋಡಿರಿ: ಅಡಕೆಯ ಗೊನೆ, ಸಿಂಗಾರ, ಮೊಗೆಕಾಯಿ, ಹಾಗಲಕಾಯಿ, ತೆಂಗಿನಕಾಯಿ, ಕಾಡಿನಿಂದ ಹುಡುಕಿ ತಂದ ಹಣ್ಣುಗಳು. ತರಕಾರಿಯ ಬುಟ್ಟಿಯಲ್ಲಿ ಇದ್ದಾಗ ಅಡಿಗೆಯ ಸಾಮಾನಾಗಿದ್ದುದು ಮಂಟಪಕ್ಕೆ ಏರಿದೊಡನೆ ತೋಟವೇ ತಲೆಕೆಳಗಾಗಿ ತೂಗಿದಂತೆ ಕಾಣುತ್ತದೆ. ಗೋವೆಯವರು ಇದನ್ನೇ ಮಾಟೋಳಿ ಎನ್ನುತ್ತಾರೆ. ಅಲ್ಲಿ ಇದಕ್ಕೆ ಸ್ಪರ್ಧೆಗಳೂ ನಡೆಯುತ್ತವೆ, ಬೀಜ ಕಾಯಿಗಳಿಂದ ದೇವರ ಮೂರ್ತಿಗಳನ್ನೇ ಕಟ್ಟುವವರಿದ್ದಾರೆ.

ಗುಡಿಗಾರರನ್ನು ಮರೆಯಲಾಗದು. ಸಾಗರ, ಸೊರಬ, ಶಿರಸಿ, ಕುಮಟೆ, ಹೊನ್ನಾವರಗಳಲ್ಲಿ ನೆಲೆಸಿದ ಈ ಮನೆತನಗಳ ಶ್ರೀಗಂಧದ ಕೆತ್ತನೆ ದೇಶಾಂತರಕ್ಕೂ ಹೋಯಿತು. ಆದರೆ ಬೆಲೆಬಾಳುವ ಗಂಧವನ್ನು ಕೆತ್ತಿದ ಅದೇ ಕೈ, ನೀರಿನಲ್ಲಿ ತಾನಾಗಿ ಬೆಳೆಯುವ, ಕಾಸಿನ ಬೆಲೆಯಿಲ್ಲದ ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳಿ ಮದುವೆಯ ಬಾಸಿಂಗವನ್ನೂ ಮಾಡಿತು. ನಮ್ಮನ್ನು ಕೇಳಿದರೆ ಎರಡನೆಯದೇ ಹೆಚ್ಚು ಕಷ್ಟ. ಗಂಧದ ಮರ ತನ್ನ ವಾಸನೆಯಿಂದಲೇ ಅರ್ಧ ಮರ್ಯಾದೆಯನ್ನು ಗಳಿಸಿಕೊಳ್ಳುತ್ತದೆ. ಬೆಂಡಿಗೆ ಕೈಯ ಹೊರತು ಬೇರೆ ಗತಿಯಿಲ್ಲ. ಹಾಲಕ್ಕಿ ಒಕ್ಕಲಿಗರು ಹೋಳಿಯ ದಿನಗಳ ಸುಗ್ಗಿ ಕುಣಿತಕ್ಕೆ ತಲೆಯ ಮೇಲೆ ಹೊರುವ ತುರಾಯಿಯಲ್ಲಿಯೂ ಇದೇ ಬೆಂಡಿನ ಹೂಗಳು, ಬಣ್ಣದ ಕಾಗದ, ತುದಿಯಲ್ಲಿ ಹಕ್ಕಿಗಳು.

ಇನ್ನು ಯಕ್ಷಗಾನ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವಾಗಲಿ, ಈ ಸೀಮೆಯ ಬೇರೆ ಮೇಳಗಳಾಗಲಿ, ಅವುಗಳ ಚೌಕಿಯಲ್ಲಿ ಒಂದು ಸಂಜೆ ಕುಳಿತವರಿಗೆ ಇದು ಗೊತ್ತು. ಬಡಗುತಿಟ್ಟಿನ ವೇಷಧಾರಿಯ ಮುಂಡಾಸು ಪೆಟ್ಟಿಗೆಯಿಂದ ಸಿದ್ಧವಾಗಿ ಹೊರಬರುವುದಿಲ್ಲ. ಹುಲ್ಲಿನ ಅಟ್ಟೆಯನ್ನು ತಲೆಗೆ ಸುತ್ತಿ, ಮೇಲೆ ಬಟ್ಟೆಯನ್ನು ಬಿಗಿದು, ಜರಿಯ ಪಟ್ಟಿಯನ್ನು ಎಳೆದು, ಕನ್ನಡಿಯ ಮುಂದೆ ಅವನೇ ಅದನ್ನು ಕಟ್ಟಿಕೊಳ್ಳುತ್ತಾನೆ, ಬೆಳಗಿನಲ್ಲಿ ಬಿಚ್ಚುತ್ತಾನೆ, ಮರುದಿನ ಮತ್ತೆ ಕಟ್ಟುತ್ತಾನೆ. ರಾತ್ರಿಯಿಡೀ ಕುಣಿದರೂ ಕದಲದ ಆ ತಾವರೆಯ ಮೊಗ್ಗಿನಂಥ ಆಕಾರವನ್ನು ಹಿಡಿದಿಟ್ಟಿರುವುದು ಒಣಹುಲ್ಲು ಮತ್ತು ಗಂಟು.

ಅಜ್ಜನ ಮಾತಿನಲ್ಲಿದ್ದ ಗಂಟು ಯಾವುದೆಂದು ಕೇಳಲಾಗಿ, ಅವರು ಮುಡೆಯ ವಿಷಯವನ್ನು ತೆಗೆದರು. ಈಗಿನ ಮಕ್ಕಳು ಮುಡೆಯನ್ನು ನೋಡಿರಲಾರರು. ಅಕ್ಕಿಯನ್ನೂ ಬಿತ್ತನೆಯ ಭತ್ತವನ್ನೂ ತುಂಬಿಡುವುದಕ್ಕೆ ಹುಲ್ಲಿನಿಂದ ಕಟ್ಟುತ್ತಿದ್ದ ಗುಂಡನೆಯ ಮೂಟೆಯದು. ದಕ್ಷಿಣ ಕನ್ನಡದಲ್ಲಿ ಇದನ್ನು ಮುಡಿಯೆನ್ನುತ್ತಿದ್ದರು. ಅಲ್ಲಿ ಅದು ಅಳತೆಯ ಹೆಸರೇ ಆಗಿ 42 ಸೇರಿಗೆ ನಿಂತು, ಗೇಣಿಯ ಲೆಕ್ಕವೆಲ್ಲ ಮುಡಿಯಲ್ಲೇ ನಡೆಯುತ್ತಿತ್ತು. ಕೈಯಿಂದ ಕೊಯ್ದ ಉದ್ದ ಹುಲ್ಲನ್ನು ಒದರಿ ಸಣ್ಣ ತರಗನ್ನೆಲ್ಲ ಉದುರಿಸಬೇಕು. ಅದೇ ಹುಲ್ಲಿನಿಂದ ಹೊಸೆದ ಹಗ್ಗಗಳನ್ನು ನೆಲದ ಮೇಲೆ ಹಾಸಿ, ಅವುಗಳ ಮೇಲೆ ಹುಲ್ಲನ್ನು ಬಿಸಿಲಿನ ಕಿರಣಗಳಂತೆ ಸುತ್ತಲೂ ಹರಡಿ, ನಡುವೆ ಅಕ್ಕಿಯನ್ನು ಸುರಿಯಬೇಕು. ಆಮೇಲೆ ತುದಿಗಳನ್ನು ಮೇಲಕ್ಕೆ ಸೆಳೆದು ಹಗ್ಗದಿಂದ ಬಿಗಿಯುತ್ತ, ಮರದ ಕೊಡತಿಯಿಂದ ಸುತ್ತಲೂ ಬಡಿಯುತ್ತ, ಮತ್ತೆ ಬಿಗಿಯುತ್ತ ಹೋಗಬೇಕು. ಮೊಳೆಯಿಲ್ಲ, ದಾರವಿಲ್ಲ, ಅಂಟಿಲ್ಲ. ಕೊನೆಗೆ ಕಲ್ಲಿನಂತೆ ಗಟ್ಟಿಯಾದ, ಎತ್ತಿ ಎಸೆದರೂ ಒಂದು ಕಾಳು ಉದುರದ ಗುಂಡು ಸಿದ್ಧವಾಗುತ್ತದೆ. ಕಲಾಶಾಲೆಯಲ್ಲಿ ಇದನ್ನು ಪೀಠದ ಮೇಲಿಟ್ಟರೆ ಶಿಲ್ಪವೆಂದು ಹೊಗಳುವವರು ಇಲ್ಲದಿರಲಿಲ್ಲ. ನಮ್ಮ ಹಿರಿಯರು ಅದನ್ನು ಅಟ್ಟದ ಮೇಲಿಟ್ಟು ಅನ್ನಕ್ಕೆ ಬಳಸಿದರು.

"ಮತ್ತೆ ಮೊಮ್ಮಗನಿಗೆ ಏಕೆ ಕಲಿಸಲಿಲ್ಲ?" ಎಂದು ಕೇಳಿದೆವು. ಅಜ್ಜ ನಕ್ಕರು. "ಹುಲ್ಲೆಲ್ಲುಂಟು?"

ನಿಜವಾದ ತೊಡಕು ಇಲ್ಲಿಯೇ ಇದೆ. ಅಘನಾಶಿನಿಯ ಗಜನಿಗಳಲ್ಲಿ ಉಪ್ಪುನೀರನ್ನು ತಡೆದುಕೊಂಡು ಆಳೆತ್ತರ ಬೆಳೆಯುವ ಕಗ್ಗದ ಭತ್ತವುಂಟು. ಆದರೆ ಅಲ್ಲಿ ತೆನೆಯನ್ನು ಮಾತ್ರ ಕೊಯ್ದು, ಹುಲ್ಲನ್ನು ನೀರಿನಲ್ಲೇ ಮೀನು ಸಿಗಡಿಗಳಿಗೆ ಬಿಡುವುದು ವಾಡಿಕೆ. ಮುಡೆಗೆ ಮೇಲಿನ ಗದ್ದೆಯ ಹುಲ್ಲೇ ಬೇಕು. ಮೇಲಿನ ಗದ್ದೆಗೆ ಈಗ ಗಿಡ್ಡ ತಳಿಗಳು ಬಂದಿವೆ, ಕಟಾವಿನ ಯಂತ್ರ ಬಂದಿದೆ. ಯಂತ್ರದ ಬಾಯಿಂದ ಹೊರಬೀಳುವ ಹುಲ್ಲು ದನಕ್ಕಾದೀತು, ಹಗ್ಗಕ್ಕಾಗದು. ಅಕ್ಕಿಗೆ ಪ್ಲಾಸ್ಟಿಕ್ ಚೀಲ ಬಂದಿದೆ. ಹೀಗೆ ಹುಲ್ಲು ಹೋಯಿತು, ಹುಲ್ಲಿನ ಹಿಂದೆ ಹಗ್ಗ ಹೋಯಿತು, ಹಗ್ಗದೊಡನೆ ಬೆರಳುಗಳ ಜ್ಞಾನವೂ ಹೋಯಿತು. ಯಂತ್ರವನ್ನು ನಾವು ದೂರುವುದಿಲ್ಲ. ಕೊಯ್ಲಿಗೆ ಆಳು ಸಿಗದ ಮನೆಯ ಕಷ್ಟ ನಮಗೂ ತಿಳಿದಿದೆ.

ಈ ಲೋಪವನ್ನು ಶಾಲೆಗಳ ಪ್ರದರ್ಶನಗಳು ತುಂಬುತ್ತವೆಯೆಂದು ಹೇಳುವವರಿದ್ದಾರೆ. ಅಂಥ ಒಂದು ಪ್ರದರ್ಶನದಲ್ಲಿ ನಮ್ಮನ್ನು ಪಂಚರನ್ನಾಗಿ ಕರೆದಿದ್ದರು. ವಿಷಯ "ಕಸದಿಂದ ರಸ". ಮೊದಲ ಬಹುಮಾನವನ್ನು ನಾವೇ ಒಂದು ಕಡ್ಡಿಯ ಅರಮನೆಗೆ ಕೊಟ್ಟೆವು. ಕಡ್ಡಿಗಳೆಲ್ಲ ಆ ಕೆಲಸಕ್ಕೆಂದೇ ಅಂಗಡಿಯಲ್ಲಿ ಕೊಂಡು ತಂದ ಹೊಚ್ಚ ಹೊಸವು ಎಂಬುದು ಆಮೇಲೆ ತಿಳಿಯಿತು. ಆ ನಾಚಿಕೆ ನಮಗೆ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಕಾಗಾಲದ ಹುಡುಗನು ಮುರಿದ ಕೊಡೆಯಲ್ಲಿ ಹಕ್ಕಿಯ ಮೊಣಕಾಲನ್ನು ಕಂಡವನು. ಅವನ ದಾರಿ ಬೇರೆ. ಅವನಿಗೆ ಕಣ್ಣಿದೆ. ಬೆರಳಿಗೆ ವಿದ್ಯೆ ಬೇಕು, ಅದನ್ನು ಕೊಡಬಲ್ಲವರು ಅದೇ ಜಗಲಿಯ ಮೂಲೆಯಲ್ಲಿ ಕುಳಿತಿದ್ದಾರೆ, ಅವರಿಗೆ ವಯಸ್ಸು ಎಂಬತ್ತು ದಾಟಿದೆ.

ಆದುದರಿಂದ ಆ ಗೃಹಸ್ಥರಿಗೆ ನಾವು ಅಲ್ಲಿಯೇ ಹೀಗೆ ಹೇಳಿ ಬಂದೆವು. ಪರೀಕ್ಷೆಯ ಓದಿಗೆ ಅಡ್ಡಿ ಬಾರದಂತೆ ಸಂಜೆಯ ಒಂದು ಗಂಟೆಯನ್ನು ಗೊತ್ತುಮಾಡಿರಿ, ಅದನ್ನು ಕಸಿದುಕೊಳ್ಳಬೇಡಿರಿ. ತಾಯಿಯ ಸೌಟನ್ನು ಮಾತ್ರ ಈ ದಿನವೇ ಮರಳಿ ಕೊಡಿಸಿರಿ. ಕೇಳದೆ ತೆಗೆದುಕೊಂಡುದು ಕಲೆಯಾದರೂ ಕಳವೇ. ಈ ಸಲದ ಕೊಯ್ಲಿನಲ್ಲಿ ಮನೆಯ ಹತ್ತಿರದ ಗದ್ದೆಯ ಒಂದು ಮೂಲೆಯನ್ನು ಯಂತ್ರಕ್ಕೆ ಬಿಡದೆ ಕತ್ತಿಯಿಂದ ಕೊಯ್ಯಿರಿ. ಉದ್ದ ಹುಲ್ಲಿನ ಹಳೆಯ ತಳಿ ನೆರೆಯವರಲ್ಲಿ ಇದ್ದರೆ ನಾಲ್ಕು ಹೊರೆಯನ್ನು ಕೇಳಿ ತನ್ನಿರಿ. ಅದನ್ನು ಅಜ್ಜನ ಮುಂದೆ ಇಟ್ಟು ನೀವು ಒಳಗೆ ಹೋಗಿರಿ.

ಮೊನ್ನೆ ಅವರಿಂದ ಎರಡನೆಯ ಕಾಗದ ಬಂದಿತು. ಮೊದಲನೆಯ ವಾರವೆಲ್ಲ ಹಗ್ಗ ಹೊಸೆಯುವುದರಲ್ಲೇ ಕಳೆದು ಹುಡುಗನ ಅಂಗೈ ಬೊಬ್ಬೆ ಎದ್ದಿತಂತೆ. ಎರಡು ಸೇರು ಬೀಜದ ಭತ್ತ ಹಿಡಿಯುವ ಪುಟ್ಟ ಮುಡೆಯೊಂದನ್ನು ಕಟ್ಟಿ ತೋರಿಸಲು, ಅಜ್ಜ ಅದರ ಒಂದು ಮಗ್ಗುಲನ್ನು ಬೆರಳಿನಿಂದ ಒತ್ತಿ ನೋಡಿ, ಮಾತಿಲ್ಲದೆ ಬಿಚ್ಚಿಹಾಕಿದರಂತೆ. ಮೂರನೆಯ ಸಲ ಕಟ್ಟಿದ್ದು ಈಗ ಅಟ್ಟದಲ್ಲಿದೆ. ಮಳೆ ಬಿದ್ದ ಮೇಲೆ ಬಿತ್ತನೆಗೆ ಅದನ್ನೇ ಒಡೆಯುವರಂತೆ. ಬೆಳ್ಳಕ್ಕಿಯ ರೆಕ್ಕೆಗಳನ್ನು ಹುಡುಗ ತೆಂಗಿನ ನಾರಿನಿಂದ ಕಟ್ಟಿದ್ದಾನೆ. ಬಾತುಕೋಳಿಗೆ ಇನ್ನೂ ಕೊರಳಿಲ್ಲ.